ಪಥ್ಯದ ಪಟ್ಟಿಯಲ್ಲಿ ಬಿಟ್ಟುಹೋದ ಹಣ್ಣು

ಕಿಡ್ನಿ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಮನೆಯ ಊಟದ ಲೆಕ್ಕವೇ ಬದಲಾಗುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಕೈಗೊಂದು ಪಟ್ಟಿ ಬಂದಿರುತ್ತದೆ. ಬಾಳೆಹಣ್ಣು ಬೇಡ, ಎಳನೀರು ಬೇಡ, ಒಣದ್ರಾಕ್ಷಿ, ಖರ್ಜೂರ ಬೇಡ, ಉಪ್ಪಿನಕಾಯಿ, ಹಪ್ಪಳ ಬೇಡವೇ ಬೇಡ. ಸೇಬು ತಿನ್ನಬಹುದು, ಅನಾನಸು ಎರಡು ಹೋಳು, ಪಪ್ಪಾಯಿ ಸ್ವಲ್ಪ. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಅಕ್ಷರಕ್ಷರ ಪಾಲಿಸುವ ಮನೆಗಳಿವೆ. ಹಣ್ಣುಗಳ ಈ ವಿಂಗಡಣೆ ಬಹುಮಟ್ಟಿಗೆ ಪೊಟ್ಯಾಸಿಯಂ ಎಂಬ ಒಂದೇ ಲವಣದ ಮೇಲೆ ನಿಂತಿದೆ. ಆ ಲೆಕ್ಕ ತಪ್ಪಲ್ಲ. ಆದರೆ ಅದಕ್ಕೆ ಸಿಕ್ಕದೆ ಜಾರಿಕೊಳ್ಳುವ ಹಣ್ಣೊಂದು ನಮ್ಮ ಹಿತ್ತಿಲಲ್ಲೇ ಇದೆ.

ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 358 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಪಪ್ಪಾಯಿಯಲ್ಲಿ 182. ನಾನು ಹೇಳುತ್ತಿರುವ ಹಣ್ಣಿನಲ್ಲಿ 133 ಮಾತ್ರ. ಕೋಷ್ಟಕ ಮುಂದಿಟ್ಟುಕೊಂಡು ಕೂತವರು ಇದನ್ನು ‘ತಿನ್ನಬಹುದು’ ಎಂಬ ಸಾಲಿಗೇ ಸೇರಿಸಿಬಿಟ್ಟಾರು. ಸಕ್ಕರೆ ಕಡಿಮೆ, ನಾರು ಹೆಚ್ಚು, ಸಿ ಜೀವಸತ್ವವೂ ಇದೆ. ಶುಗರ್ ಇದ್ದವರಿಗೆ ಒಳ್ಳೆಯದು ಎಂಬ ಮಾತು ಬೇರೆ. ಅದು ದಾರೆಹುಳಿ, ಅಂದರೆ ಕಮರಾಕ್ಷಿ. ಮೂತ್ರಪಿಂಡ ಸೋತವರಲ್ಲಿ ಬುದ್ಧಿಭ್ರಮೆ, ಫಿಟ್ಸ್, ಕೋಮಾ ತರಿಸಿ ಪ್ರಾಣ ತೆಗೆದದ್ದು ವೈದ್ಯಕೀಯ ದಾಖಲೆಗಳಲ್ಲಿರುವ ಹಣ್ಣು.

ಕಿಡ್ನಿ ರೋಗಿಗೆ ಉಳಿದ ಹಣ್ಣುಗಳೆಲ್ಲ ‘ಎಷ್ಟು’ ಎಂಬ ಪ್ರಶ್ನೆ. ಕಮರಾಕ್ಷಿಗೆ ಮಾತ್ರ ಆ ಪ್ರಶ್ನೆಯೇ ಇಲ್ಲ. ಒಂದು ಹೋಳೂ ಬೇಡ.

ಕರಾವಳಿಯಲ್ಲಿ ದಾರೆಹುಳಿ, ತುಳುವಿನಲ್ಲಿ ದಾರೆಪುಳಿ, ಕೊಂಕಣಿ ಮನೆಗಳಲ್ಲಿ ಕರಂಬಲ, ಪೇಟೆಯ ಗಾಡಿಗಳಲ್ಲಿ ಕಮರಾಕ್ಷಿ, ಬೆಂಗಳೂರಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಸ್ಟಾರ್ ಫ್ರೂಟ್. ಆಗ್ನೇಯ ಏಷ್ಯಾ ಕಡೆಯ ಮರ, ನಮ್ಮ ಮಳೆಗೂ ಮಣ್ಣಿಗೂ ಚೆನ್ನಾಗಿ ಒಗ್ಗಿಕೊಂಡಿದೆ. ಬಾವಿಕಟ್ಟೆಯ ಹತ್ತಿರವೋ ಬಚ್ಚಲ ನೀರು ಹರಿಯುವಲ್ಲೋ ಒಂದು ಗಿಡ ಹಚ್ಚಿದರೆ ಸಾಕು, ಮತ್ತೆ ಆರೈಕೆ ಕೇಳುವುದಿಲ್ಲ. ನಸುಗೆಂಪು ಸಣ್ಣ ಹೂಗಳು ಕೊಂಬೆಗೆ ಅಂಟಿಕೊಂಡೇ ಅರಳುತ್ತವೆ; ಕಾಯಿ ಹಿಡಿಯಿತೆಂದರೆ ಗೊಂಚಲು ಗೊಂಚಲು. ಉದ್ದಕ್ಕೆ ಐದು ಏಣು, ಅಡ್ಡಕ್ಕೆ ಕೊಯ್ದರೆ ಐದು ಮೂಲೆಯ ನಕ್ಷತ್ರ. ಹಸಿರಿದ್ದಾಗ ಹಲ್ಲು ಚುಳ್ಳೆನ್ನುವಷ್ಟು ಹುಳಿ, ಹಳದಿಯಾಗಿ ಏಣಿನ ಅಂಚು ಕಂದಿದಾಗ ಹುಳಿಸಿಹಿ. ಕಾಯಿಗೆ ಗೊಜ್ಜು, ಚಟ್ನಿ, ಉಪ್ಪಿನಕಾಯಿ ಎಂಬ ಗತಿಗಳಿವೆ. ಹುಣಸೆ ಬದಲು ಮೀನಿನ ಸಾರಿಗೂ ಬೀಳುತ್ತದೆ. ಹಣ್ಣಿಗೆ ಬೆಲ್ಲ ಬೆರೆಸಿ ಪಾನಕ ಮಾಡುತ್ತಾರೆ. ಶಾಲೆಯ ಗೇಟಿನ ಬಳಿ ಉಪ್ಪು ಖಾರ ಸವರಿ ಕೊಡುವ ಹೋಳು ಯಾರಿಗೆ ನೆನಪಿಲ್ಲ! ಕೇಟರಿಂಗ್‌ನವರಿಗಂತೂ ಹಣ್ಣಿನ ತಟ್ಟೆಯನ್ನು ಅಲಂಕರಿಸಲು ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇದು ಕೊಂಡು ತರುವ ಹಣ್ಣಿಗಿಂತ ಹೆಚ್ಚಾಗಿ ಕೊಡುವ ಹಣ್ಣು. ಒಂದು ಮರದ ಫಸಲನ್ನು ಒಂದು ಮನೆ ತಿಂದು ಮುಗಿಸಲಾರದು. ಪಕ್ಕದ ಮನೆಗೆ ಒಂದು ಚೀಲ, ಊರಿಗೆ ಬಂದ ನೆಂಟರ ಕಾರಿನ ಡಿಕ್ಕಿಗೆ ಇನ್ನೊಂದು. ಹಾಗೆ ಬಂದದ್ದು ಯಾರ ಪಥ್ಯದ ಲೆಕ್ಕಕ್ಕೂ ಸಿಗುವುದಿಲ್ಲ. ಡಯಾಲಿಸಿಸ್ ಕೊಠಡಿಯಲ್ಲಿ “ಅಮ್ಮಾ, ನಿನ್ನೆ ಹಣ್ಣು ಏನಾದರೂ ತಿಂದ್ರಾ?” ಎಂದು ಕೇಳಿದರೆ “ಇಲ್ಲಪ್ಪ, ಹಣ್ಣು ಮುಟ್ಟಿಯೇ ಇಲ್ಲ” ಎಂಬ ಉತ್ತರ ಬರಬಹುದು. ಆಕೆ ಸುಳ್ಳು ಹೇಳುತ್ತಿಲ್ಲ. ರಾತ್ರಿ ಊಟಕ್ಕೆ ಇದ್ದದ್ದು ದಾರೆಹುಳಿ ಗೊಜ್ಜು. ನಮ್ಮ ಮಾತಿನಲ್ಲಿ ಗೊಜ್ಜು ಹಣ್ಣಲ್ಲವಲ್ಲ.

ನಿಲ್ಲದ ಬಿಕ್ಕಳಿಕೆ

ಈ ಹಣ್ಣಿನ ಗುಟ್ಟು ಮೊದಲು ಬಯಲಾದದ್ದು ಬಹುತೇಕ ಬ್ರೆಜಿಲ್‌ನಲ್ಲಿ. ಅಲ್ಲಿಯೂ ಕಮರಾಕ್ಷಿ ಹಿತ್ತಿಲ ಮರವೇ, ಅಲ್ಲಿಯೂ ಅದರ ರಸ ದಿನಬಳಕೆಯ ಪಾನೀಯವೇ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಬಿಕ್ಕಳಿಕೆ ಶುರುವಾಗಿ, ಏನು ಮಾಡಿದರೂ ನಿಲ್ಲದೆ ಹೋದದ್ದನ್ನು ವೈದ್ಯರು ಗಮನಿಸಿದರು. ಹಿಂದಿನ ದಿನ ಏನು ತಿಂದಿರಿ ಎಂದು ಕೇಳುತ್ತ ಹೋದಾಗ ಎಲ್ಲರ ಉತ್ತರದಲ್ಲೂ ಇದೊಂದು ಹಣ್ಣು ಇತ್ತು. 1993ರಲ್ಲಿ ಬ್ರೆಜಿಲ್‌ನ ಮೂತ್ರಪಿಂಡ ತಜ್ಞರ ಪತ್ರಿಕೆಯಲ್ಲಿ ಈ ವಿಷಯ ಅಚ್ಚಾಯಿತು.

ಆಮೇಲೆ 1998ರಲ್ಲಿ ಸಾವೊ ಪಾಲೊ ವಿಶ್ವವಿದ್ಯಾಲಯದ ರಿಬೆರಾವೊ ಪ್ರೆಟೊ ವೈದ್ಯಕೀಯ ಶಾಲೆಯ ಮಿಗೆಲ್ ಮೊಯ್ಸೆಸ್ ನೆಟೊ ಮತ್ತು ಸಂಗಡಿಗರು ಆರು ಜನ ಡಯಾಲಿಸಿಸ್ ರೋಗಿಗಳ ವಿವರ ಪ್ರಕಟಿಸಿದರು. ಅವರು ತಿಂದದ್ದು ಎರಡು ಮೂರು ಹಣ್ಣು, ಅಥವಾ ಕುಡಿದದ್ದು 150–200 ಮಿಲಿಲೀಟರ್ ರಸ. ನಮ್ಮ ಲೆಕ್ಕದಲ್ಲಿ ಒಂದು ಲೋಟವೂ ಪೂರ್ತಿ ಆಗದು. ಅಷ್ಟಕ್ಕೇ ನಿದ್ದೆ ಹಾರಿಹೋಯಿತು, ಬಿಕ್ಕಳಿಕೆ ಹಿಡಿಯಿತು, ಚಡಪಡಿಕೆ ಬಂತು, ಎದುರಿಗಿದ್ದವರ ಗುರುತು ತಪ್ಪಿತು. ಒಬ್ಬರು ತೀರಿಕೊಂಡರು. ಅದೇ ಹಣ್ಣಿನ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಅವಕ್ಕೆ ಫಿಟ್ಸ್ ಬಂತು. 2000ದಲ್ಲಿ ತೈವಾನ್‌ನಿಂದಲೂ ಇಂಥ ಸಾವುಗಳ ವರದಿ ಬಂತು.

2003ರ ಹೊತ್ತಿಗೆ ಬ್ರೆಜಿಲ್ ತಂಡದ ಬಳಿ 32 ರೋಗಿಗಳ ಕತೆ ಇತ್ತು. ಅವರಲ್ಲಿ 30 ಮಂದಿಗೆ ಬಿಕ್ಕಳಿಕೆ. ಜೊತೆಗೆ ವಾಂತಿ, ಕೈಕಾಲು ಜೋಮು, ಸ್ನಾಯುಗಳಲ್ಲಿ ಬಲವಿಲ್ಲದಿರುವುದು, ಗೊಂದಲ, ಕೆಲವರಿಗೆ ಫಿಟ್ಸ್. ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಕೂಡಲೇ ಯಂತ್ರದಲ್ಲಿ ರಕ್ತ ಸೋಸುವ ಹೀಮೋಡಯಾಲಿಸಿಸ್ ಸಿಕ್ಕವರು, ಸ್ಥಿತಿ ಗಂಭೀರವಾಗಿದ್ದವರೂ ಸೇರಿ, ಚೇತರಿಸಿಕೊಂಡರು. ವಿಷ ತೀವ್ರವಾಗಿ ಏರಿದ್ದೂ ಚಿಕಿತ್ಸೆ ಸಿಗದವರು, ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಮಾತ್ರ ಸಿಕ್ಕವರು ಉಳಿಯಲಿಲ್ಲ. ಅಂದರೆ ಇದು ಕೈಮೀರಿದ ವಿಷವಲ್ಲ. ಸಮಯಕ್ಕೆ ಗುರುತಿಸಿದರೆ ಬದುಕಿಸಬಹುದಾದದ್ದು.

ಹಣ್ಣಿನೊಳಗೆ ಇರುವುದೇನು ಎಂಬುದಕ್ಕೆ ಉತ್ತರ ಸಿಕ್ಕಿದ್ದು 2013ರಲ್ಲಿ. ಅದೇ ರಿಬೆರಾವೊ ಪ್ರೆಟೊದ ಸಂಶೋಧಕರು ಆ ವಸ್ತುವನ್ನು ಬೇರ್ಪಡಿಸಿ, ಅದರ ರಚನೆ ಬಿಡಿಸಿ, ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ನಾವು ತಿನ್ನುವ ಬೇಳೆಕಾಳಿನಲ್ಲೆಲ್ಲ ಇರುವ ಫಿನೈಲ್ ಅಲನೈನ್ ಎಂಬ ಅಮೈನೋ ಆಮ್ಲಕ್ಕೆ ಹತ್ತಿರದ ನೆಂಟ ಇದು. ಮಿದುಳಿನ ನರಕೋಶಗಳನ್ನು ಕೆರಳಿಸುವುದಕ್ಕೆ ಗ್ಲುಟಮೇಟ್ ಎಂಬ ರಾಸಾಯನಿಕ ಇದೆ, ತಣಿಸುವುದಕ್ಕೆ ಗಾಬಾ ಎಂಬುದಿದೆ. ಕ್ಯಾರಂಬಾಕ್ಸಿನ್ ಮೊದಲನೆಯದರಂತೆ ವರ್ತಿಸಿ ಕೋಶಗಳನ್ನು ಕೆರಳಿಸುತ್ತದೆ, ಎರಡನೆಯದರ ಕೆಲಸಕ್ಕೆ ಅಡ್ಡ ಬರುತ್ತದೆ. ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ಎಲ್ಲದರ ಮೂಲ ಇದೇ.

ಹಾಗಾದರೆ ಉಳಿದವರು ತಿಂದು ಅರಗಿಸಿಕೊಳ್ಳುವುದು ಹೇಗೆ? ಆರೋಗ್ಯವಂತರ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದ್ದನ್ನು ವಾಪಸು ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಹಾಕುತ್ತವೆ. ಕ್ಯಾರಂಬಾಕ್ಸಿನ್ ಆ ದಾರಿಯಲ್ಲೇ ಹೊರಟುಹೋಗುತ್ತದೆ, ಮಿದುಳಿಗೆ ಮುಟ್ಟುವಷ್ಟು ಉಳಿಯುವುದಿಲ್ಲ. ಸೋಸುವ ಶಕ್ತಿ ಕುಂದಿದವರಲ್ಲಿ ಅದು ರಕ್ತದಲ್ಲೇ ನಿಂತು ಮಿದುಳು ಹೊಗುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಅರ್ಧ ಹಣ್ಣಿನಿಂದಲೂ ತೊಂದರೆಯಾದದ್ದುಂಟು. ಡಯಾಲಿಸಿಸ್‌ನ ಹಂತ ಮುಟ್ಟದ, ಮಾತ್ರೆಯಲ್ಲೇ ನಡೆಯುತ್ತಿರುವ ಕಿಡ್ನಿ ರೋಗಿಗಳಿಗೂ ಆಗಿದೆ. ಒಬ್ಬರಿಗೆ ಆದಂತೆ ಇನ್ನೊಬ್ಬರಿಗೆ ಆಗುವುದಿಲ್ಲ. ಹಣ್ಣಿನ ಜಾತಿ, ತಿಂದ ಪ್ರಮಾಣ, ಉಳಿದಿರುವ ಕಿಡ್ನಿಯ ಶಕ್ತಿ ಇವೆಲ್ಲ ಸೇರಿ ಪರಿಣಾಮ ಬೇರೆಬೇರೆ. ‘ಹೋದ ವರ್ಷ ತಿಂದಿದ್ದೆ, ಏನೂ ಆಗಲಿಲ್ಲ’ ಎಂಬ ಧೈರ್ಯವನ್ನು ಇಲ್ಲಿ ನೆಚ್ಚಿಕೊಳ್ಳಬಾರದು.

ತಿಂದುಬಿಟ್ಟಿದ್ದರೆ ಏನು ಮಾಡಬೇಕು? ಲಕ್ಷಣಗಳು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಅರ್ಧ ದಿನದ ಆಸುಪಾಸಿನಲ್ಲಿ ಶುರುವಾಗುತ್ತವೆ. ಶುರುವಾಗಲೆಂದು ಕಾಯುತ್ತ ಕೂರುವುದು ಬೇಡ. ಡಯಾಲಿಸಿಸ್ ಆಗುವ ಆಸ್ಪತ್ರೆಗೆ ಆಗಲೇ ಫೋನ್ ಮಾಡಿ ತಿಳಿಸಿ. ಬಿಕ್ಕಳಿಕೆ ಬಂತೆಂದರೆ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು, ಉಸಿರು ಬಿಗಿಹಿಡಿಯುವುದು, ನೀರು ಕುಡಿಯುವುದು ಎಂದು ಹೊತ್ತು ಕಳೆಯದೆ ಹೊರಡಬೇಕು. ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುಪಾಡು ಇರುವವರು ‘ವಿಷ ತೊಳೆದು ಹೋಗಲಿ’ ಎಂದು ಚೊಂಬುಗಟ್ಟಲೆ ಕುಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಇನ್ನೊಂದು ಅನಾಹುತವಾಗುತ್ತದೆ. ಪೆರಿಟೋನಿಯಲ್ ಡಯಾಲಿಸಿಸ್‌ನವರು ಮನೆಯಲ್ಲೇ ಒಂದು ಚೀಲ ಹೆಚ್ಚಿಗೆ ಹಾಕಿಕೊಂಡರೆ ಸಾಲದು, ಅವರಿಗೂ ಹೀಮೋಡಯಾಲಿಸಿಸ್ ಬೇಕಾಗುತ್ತದೆ. ಒಂದು ಸಲ ಮಾಡಿಸಿದ ಮೇಲೂ ಲಕ್ಷಣ ಮರುಕಳಿಸುವುದುಂಟು. ಹಾಗಾಗಿ ಮತ್ತೆ ಮತ್ತೆ ಮಾಡಬೇಕಾದೀತು. ಫಿಟ್ಸ್‌ಗೆ ಕೊಡುವ ಔಷಧಿಯೊಂದರಿಂದಲೇ ಇದು ಹಿಡಿತಕ್ಕೆ ಬರುವುದು ಕಷ್ಟ.

ಇನ್ನೊಂದು ಮಾತು. ಕ್ಯಾಶುವಾಲಿಟಿಯಲ್ಲಿ ಇರುವ ಎಳೆಯ ವೈದ್ಯರು ಬೇರೆ ಊರಿನವರಾಗಿರಬಹುದು, ದಾರೆಹುಳಿ ಎಂದರೆ ಅವರಿಗೆ ಏನೂ ಹೊಳೆಯದಿರಬಹುದು. ಸ್ಟಾರ್ ಫ್ರೂಟ್ ಎಂದೇ ಹೇಳಿ. ಸಾಧ್ಯವಿದ್ದರೆ ಒಂದು ಹಣ್ಣನ್ನೋ ಮೊಬೈಲಿನಲ್ಲಿ ಅದರ ಫೋಟೊವನ್ನೋ ತೋರಿಸಿ. ಗೊಂದಲದಲ್ಲಿರುವ ಡಯಾಲಿಸಿಸ್ ರೋಗಿಯನ್ನು ಕಂಡಾಗ ವೈದ್ಯರ ಮನಸ್ಸು ಸಹಜವಾಗಿ ಪಾರ್ಶ್ವವಾಯು, ಸೋಂಕು, ಸಕ್ಕರೆ ಇಳಿತ ಇವುಗಳ ಕಡೆ ಓಡುತ್ತದೆ. ಈ ಒಂದು ಸುಳಿವು ಕೊಡಬಲ್ಲವರು ಮನೆಯವರು ಮಾತ್ರ.

ಬಿಂಬುಳಿ ರಸ, ಖಾಲಿ ಹೊಟ್ಟೆ

ಕ್ಯಾರಂಬಾಕ್ಸಿನ್ ಕಿಡ್ನಿ ರೋಗಿಗಳ ಪಾಲಿನ ಗಂಡಾಂತರ. ಎರಡನೆಯದೊಂದು ಗಂಡಾಂತರಕ್ಕೆ ಆರೋಗ್ಯವಂತರೂ ಹೊರತಲ್ಲ. ಅದರ ಹೆಸರು ಆಕ್ಸಲೇಟ್. ದಾರೆಹುಳಿಗೆ ಆ ಹುಳಿ ಬರುವುದರಲ್ಲಿ ಇದರ ಪಾಲು ದೊಡ್ಡದು. ಹುಳಿ ಜಾತಿಯಲ್ಲಿ ಸಿಹಿ ಜಾತಿಗಿಂತ ಹೆಚ್ಚು. ಅದೇ ಕುಲದ ಇನ್ನೊಂದು ಮರ ನಮ್ಮ ಬಿಂಬುಳಿ. ಸಣ್ಣ ಸೌತೆಯಂತೆ ಕಾಂಡಕ್ಕೇ ಜೋತುಬೀಳುವ ಹಸಿರು ಕಾಯಿ. ಕೇರಳದವರು ಇರುಂಬನ್ ಪುಳಿ ಎನ್ನುತ್ತಾರೆ. ಅದರಲ್ಲಿಯೂ ಆಕ್ಸಲೇಟ್ ಭರ್ತಿ.

ನಮ್ಮ ದೇಹಕ್ಕೆ ಆಕ್ಸಲೇಟನ್ನು ಒಡೆದು ಅರಗಿಸಿಕೊಳ್ಳಲು ಬರುವುದಿಲ್ಲ. ಊಟದ ಜೊತೆ ಬಂದರೆ ಕರುಳಿನಲ್ಲಿ ಹಾಲು, ಮೊಸರು, ರಾಗಿಯಿಂದ ಬಂದ ಕ್ಯಾಲ್ಸಿಯಂಗೆ ಅಂಟಿಕೊಂಡು ಮಲದ ಜೊತೆ ಹೋಗುತ್ತದೆ. ಖಾಲಿ ಹೊಟ್ಟೆಗೆ ರಸವಾಗಿ ಬಿದ್ದರೆ ಅಂಟಿಕೊಳ್ಳಲು ಕ್ಯಾಲ್ಸಿಯಂ ಇಲ್ಲ. ನೇರ ರಕ್ತಕ್ಕೆ, ಅಲ್ಲಿಂದ ಮೂತ್ರಪಿಂಡಕ್ಕೆ. ಅಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟಿಕೊಳ್ಳುವಂತೆ, ಮೂತ್ರಪಿಂಡದ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ಈ ಹರಳು ಕೂತು ದಾರಿ ಕಟ್ಟುತ್ತದೆ. ಎರಡು ಮೂರು ದಿನದಲ್ಲಿ ಮೂತ್ರ ಕಡಿಮೆಯಾಗಿ, ಕಿಡ್ನಿ ಹೊರಹಾಕಬೇಕಾದ ಕ್ರಿಯೇಟಿನಿನ್ ರಕ್ತದಲ್ಲಿ ಏರಿ, ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವರು ಡಯಾಲಿಸಿಸ್ ಹಾಸಿಗೆಯಲ್ಲಿರುತ್ತಾರೆ.

ಇದು ಊಹೆಯ ಮಾತಲ್ಲ. ಕೇರಳದ ಐದು ಆಸ್ಪತ್ರೆಗಳಲ್ಲಿ ಹೀಗೆ ದಾಖಲಾದ ಹತ್ತು ಮಂದಿಯ ವಿವರ 2013ರಲ್ಲಿ ಭಾರತೀಯ ಮೂತ್ರಪಿಂಡ ತಜ್ಞರ ಪತ್ರಿಕೆಯಲ್ಲಿ ಬಂತು. ಅವರು ಕುಡಿದದ್ದು ಬಿಂಬುಳಿ ರಸ. ಕೊಲೆಸ್ಟರಾಲ್ ಇಳಿಯುತ್ತದೆ ಎಂಬ ಮಾತು ಅಲ್ಲಿ ಬಾಯಿಂದ ಬಾಯಿಗೆ ಹಬ್ಬಿತ್ತು. ಹತ್ತರಲ್ಲಿ ಏಳು ಜನಕ್ಕೆ ಡಯಾಲಿಸಿಸ್ ಮಾಡಬೇಕಾಯಿತು. ಉಳಿದ ಮೂವರು ಅದಿಲ್ಲದೆ ಸುಧಾರಿಸಿಕೊಂಡರು. ಕಮರಾಕ್ಷಿ ರಸದಿಂದ ಹೀಗಾದದ್ದು ತೈವಾನ್‌ನಲ್ಲಿ 2001ರಲ್ಲೇ ವರದಿಯಾಗಿತ್ತು. 2009ರಲ್ಲಿ ಬ್ರೆಜಿಲ್‌ನ ಅದೇ ತಂಡ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಮೊದಲು ಕಿಡ್ನಿ ಚೆನ್ನಾಗಿಯೇ ಇದ್ದವರು ಖಾಲಿ ಹೊಟ್ಟೆಯಲ್ಲಿ ಅಥವಾ ಮೈಯಲ್ಲಿ ನೀರು ಆರಿದ್ದಾಗ ರಸ ಅತಿಯಾಗಿ ಕುಡಿದರೆ, ಆಕ್ಸಲೇಟ್ ಮೊದಲು ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಆಗಿನ್ನೂ ಹೆಸರಿಡದಿದ್ದ ಆ ಕ್ಯಾರಂಬಾಕ್ಸಿನ್‌ಗೆ ಬಾಗಿಲು ತೆರೆದುಕೊಡುತ್ತದೆ.

ನನಗೆ ಹೆಚ್ಚು ಕಳವಳ ತರುವವರು ಶುಗರ್, ಬಿಪಿ ಇದ್ದೂ ಕಿಡ್ನಿಯ ಸ್ಥಿತಿ ಗೊತ್ತಿಲ್ಲದವರು. ಕಿಡ್ನಿ ಹಾಳಾಗುವುದಕ್ಕೆ ದೊಡ್ಡ ಕಾರಣವೇ ಸಕ್ಕರೆ ಕಾಯಿಲೆ. ಶುಗರ್ ಇಳಿಸಲೆಂದು ‘ಮನೆಮದ್ದು’ ಹುಡುಕುವವರೂ ಅವರೇ. ಇಬ್ಬರೂ ಒಬ್ಬರೇ ಆದಾಗ, ಬೆಳಿಗ್ಗೆ ಬರಿಹೊಟ್ಟೆಗೆ ಬಿಂಬುಳಿ ರಸವೋ ಕಮರಾಕ್ಷಿ ರಸವೋ ಇಳಿಸಿದರೆ ಆಗುವುದೇನು ಎಂದು ಯೋಚಿಸಿ. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಡುವವರೆಗೂ ಮೈಗೆ ಏನೂ ಗೊತ್ತಾಗದಿರಬಹುದು. ಕ್ರಿಯೇಟಿನಿನ್ ನಾರ್ಮಲ್ ಎಂಬ ಒಂದು ಸಾಲೂ ಸಾಲದು. ಎಪ್ಪತ್ತು ವರ್ಷದ ಹೆಂಗಸಿಗೆ ಕ್ರಿಯೇಟಿನಿನ್ 1.2 ಎಂದು ಬಂದರೆ ರಿಪೋರ್ಟಿನಲ್ಲಿ ಅದಕ್ಕೆ ಕೆಂಪು ಗುರುತೇ ಬೀಳದೆ ಇರಬಹುದು. ಆದರೆ ಸೋಸುವ ಶಕ್ತಿಯನ್ನು ಹೇಳುವ ಇ-ಜಿಎಫ್‌ಆರ್ ಲೆಕ್ಕ ಹಾಕಿದರೆ 48ರ ಆಸುಪಾಸು ಬರುತ್ತದೆ. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯೇ. ಶುಗರ್ ಇದ್ದವರು ವರ್ಷಕ್ಕೊಮ್ಮೆ ಇ-ಜಿಎಫ್‌ಆರ್ ಮತ್ತು ಮೂತ್ರದ ಆಲ್ಬುಮಿನ್, ಎರಡನ್ನೂ ಕೇಳಿ ಮಾಡಿಸಿಕೊಳ್ಳಬೇಕು.

ಬೇಯಿಸಿದರೆ ಆಕ್ಸಲೇಟ್ ನಾಶವಾಗದು. ಕುದಿಸಿದ ನೀರನ್ನು ಬಸಿದು ಚೆಲ್ಲಿದರೆ ಒಂದಿಷ್ಟು ಹೋಗುತ್ತದೆ, ಆದರೆ ಗೊಜ್ಜಿನ ನೀರನ್ನು ಯಾರು ಚೆಲ್ಲುತ್ತಾರೆ? ಉಪ್ಪಿನಕಾಯಿಯಲ್ಲಿ ಉಪ್ಪಿನ ಹೊರೆಯೂ ಸೇರುತ್ತದೆ. ಕಿಡ್ನಿ ಸರಿಯಿದ್ದವರು ಊಟದ ಜೊತೆ ಗೊಜ್ಜು ಬಡಿಸಿಕೊಂಡರೆ, ಮಳೆಗಾಲದಲ್ಲಿ ಎರಡು ಹೋಳು ಖಾರ ಹಚ್ಚಿ ತಿಂದರೆ ಭಯಪಡಬೇಕಾಗಿಲ್ಲ. ಮರ ಕಡಿಯುವುದೂ ಬೇಡ. ಬರಿಹೊಟ್ಟೆಯ ರಸ, ದಿನವೂ ರಸ, ಔಷಧಿ ಎಂದುಕೊಂಡ ರಸ ಇವು ಮಾತ್ರ ಯಾರಿಗೂ ಸಲ್ಲ. ಪಾಲಕ್ ಸೊಪ್ಪಿನ ಹಸಿ ಜ್ಯೂಸನ್ನು ದಿನಾ ಕುಡಿಯುವವರಿಗೆ, ಸಿ ಜೀವಸತ್ವದ ಮಾತ್ರೆಗಳನ್ನು ಅತಿಯಾಗಿ ನುಂಗುವವರಿಗೆ ಇದೇ ಎಚ್ಚರ ಬೇಕು. ಹೆಚ್ಚಾದ ಸಿ ಜೀವಸತ್ವವೂ ದೇಹದಲ್ಲಿ ಆಕ್ಸಲೇಟೇ ಆಗುತ್ತದೆ.

ಹಾಗೆಂದು ಹಣ್ಣನ್ನೇ ಬಿಡುವುದಲ್ಲ

ಇಷ್ಟು ಓದಿದ ಕಿಡ್ನಿ ರೋಗಿಯೊಬ್ಬರು ಹಣ್ಣಿನ ಸಹವಾಸವೇ ಬೇಡ ಎಂದು ತೀರ್ಮಾನಿಸಿಬಿಟ್ಟರೆ ಈ ಲೇಖನದಿಂದ ಹಾನಿಯೇ ಆದಂತೆ. ನಾನು ಕಂಡ ಮಟ್ಟಿಗೆ ನಮ್ಮ ಮನೆಗಳಲ್ಲಿ ಆ ಅತಿರೇಕವೂ ಇದೆ. ಕ್ರಿಯೇಟಿನಿನ್ 1.8 ಎಂದು ಬಂದ ದಿನವೇ ಹಣ್ಣು, ತರಕಾರಿ, ಬೇಳೆ ಎಲ್ಲ ನಿಲ್ಲಿಸಿ, ಗಂಜಿಯ ಮೇಲೆ ಬದುಕಿ, ಆರು ತಿಂಗಳಲ್ಲಿ ಮೈಯೆಲ್ಲ ಸೊರಗಿ ಕೂತವರು ಇದ್ದಾರೆ. ಎಲ್ಲ ಕಿಡ್ನಿ ರೋಗಿಗಳೂ ಪೊಟ್ಯಾಸಿಯಂ ಕಡಿಮೆ ಮಾಡಬೇಕಾಗಿಲ್ಲ. ರಕ್ತದಲ್ಲಿ ಅದರ ಮಟ್ಟ ಎಷ್ಟಿದೆ ಎಂಬುದರ ಮೇಲೆ ಪಥ್ಯ ನಿಲ್ಲಬೇಕು. 3.5ರಿಂದ 5ರವರೆಗೆ ಇದ್ದರೆ ಸಹಜ. 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು, ಅದು ತುರ್ತು ಸ್ಥಿತಿ. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಮಲಬದ್ಧತೆಯೂ ಏರಿಸುತ್ತದೆ, ಏಕೆಂದರೆ ಕಿಡ್ನಿ ಸೋತಾಗ ಒಂದಿಷ್ಟು ಪೊಟ್ಯಾಸಿಯಂ ಮಲದ ದಾರಿಯಲ್ಲಿ ಹೋಗಬೇಕು. ಆ ದಾರಿ ಸರಾಗವಾಗಿರಲು ಹಣ್ಣಿನ ನಾರೇ ಬೇಕು.

ಪೊಟ್ಯಾಸಿಯಂ ಏರಿದೆ ಎಂದು ವೈದ್ಯರು ಹೇಳಿದವರಿಗೆ ನೂರು ಗ್ರಾಂ ಲೆಕ್ಕದಲ್ಲಿ ಸೇಬು (107 ಮಿಲಿಗ್ರಾಂ), ಅನಾನಸು (109), ಕಲ್ಲಂಗಡಿ (112) ಹಗುರ. ಆದರೆ ಕಲ್ಲಂಗಡಿಯನ್ನು ಯಾರೂ ನೂರೇ ಗ್ರಾಂ ತಿನ್ನುವುದಿಲ್ಲ, ಅದರ ನೀರೂ ದಿನದ ನೀರಿನ ಲೆಕ್ಕಕ್ಕೇ ಸೇರುತ್ತದೆ. ಮಾವು 168, ಕಿತ್ತಳೆ 181, ದಾಳಿಂಬೆ 236. ಕರಾವಳಿಯವರ ಪ್ರೀತಿಯ ಹಲಸು ನೂರು ಗ್ರಾಮಿಗೆ 448, ಬಾಳೆಹಣ್ಣನ್ನೂ ಮೀರಿಸಿದ್ದು. ಹತ್ತು ತೊಳೆ ಕೂತಲ್ಲೇ ತಿಂದು ಮುಗಿಸುವ ಹಣ್ಣದು ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಒಂದು ಲೋಟ ಎಳನೀರಿನಲ್ಲಿ ಸುಮಾರು 400ರಿಂದ 600. ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ಹೊತ್ತು ತರುವುದೂ ಅದನ್ನೇ. ದಿನಕ್ಕೆ ಒಂದು ಸಣ್ಣ ಬಟ್ಟಲು ಹಣ್ಣು, ರಸ ಹಿಂಡದೆ, ಹಾಗೆಯೇ ಅಗಿದು ತಿನ್ನುವುದು ಹೆಚ್ಚಿನವರಿಗೆ ಹೊಂದುತ್ತದೆ. ನಿಖರ ಪ್ರಮಾಣವನ್ನು ನಿಮ್ಮ ರಿಪೋರ್ಟ್ ನೋಡಿದ ವೈದ್ಯರೋ ಡಯಟೀಶಿಯನ್ನೋ ಹೇಳಬೇಕು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಹೇರಳ ನೀರಿನಲ್ಲಿ ಕುದಿಸಿ, ಆ ನೀರು ಬಸಿದು ಆಮೇಲೆ ಪಲ್ಯ ಮಾಡುವ ಕ್ರಮ ಒಳ್ಳೆಯದು. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಬಂದಿರುವುದು ಪೊಟ್ಯಾಸಿಯಮ್ಮೇ. ಅದು ಬೇಡ.

ಇನ್ಸುಲಿನ್ ತೆಗೆದುಕೊಳ್ಳುವ ಡಯಾಲಿಸಿಸ್ ರೋಗಿಗೆ ಸಕ್ಕರೆ ಇಳಿದು ಬೆವರು ಬಂದಾಗ ಮನೆಯವರು ಗಾಬರಿಯಲ್ಲಿ ಕಿತ್ತಳೆ ರಸ ಕುಡಿಸುತ್ತಾರೆ. ಪೊಟ್ಯಾಸಿಯಂ ಮೊದಲೇ ಏರಿದ್ದರೆ ಅದು ಇನ್ನೊಂದು ಅಪಾಯ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಕೈಗೆಟುಕುವಲ್ಲಿ ಇರಲಿ.

ಕಿಡ್ನಿ ಕಸಿ ಮಾಡಿಸಿಕೊಂಡವರದು ಇನ್ನೊಂದು ಬಗೆಯ ಎಚ್ಚರ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲು ಅವರು ಟ್ಯಾಕ್ರೊಲಿಮಸ್‌ನಂಥ ಮಾತ್ರೆ ನುಂಗುತ್ತಿರುತ್ತಾರೆ. ಗ್ರೇಪ್‌ಫ್ರೂಟ್ ತಿಂದರೆ ಆ ಔಷಧಿ ಒಡೆದು ಕರಗುವುದು ನಿಧಾನವಾಗಿ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಹೊಸ ಕಿಡ್ನಿಗೇ ಪೆಟ್ಟು ಬೀಳುತ್ತದೆ. ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪ. ಅದರ ತಾಯಿ ನಮ್ಮ ಚಕ್ಕೋತ. ಚಕ್ಕೋತದಿಂದಲೂ ಟ್ಯಾಕ್ರೊಲಿಮಸ್ ಏರಿದ್ದು ವರದಿಯಾಗಿದೆ. ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹೆಮ್ಮೆಯ ಹಣ್ಣು. ಆದರೂ ಕಸಿಯಾದವರು ಅದರಿಂದ ದೂರವಿರುವುದೇ ಸರಿ. ಕಮರಾಕ್ಷಿಯೂ ಅವರಿಗೆ ಬೇಡ.

ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್‌ನ ದಾರಿ ತೆರೆಯಿತು. ಕರ್ನಾಟಕದಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳು ಬಂದಿವೆ. ವಾರಕ್ಕೆ ಎರಡು ಮೂರು ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಸಂಜೆ ಬಸ್ಸು ಹಿಡಿದು ಊರಿಗೆ ಮರಳುವವರು ಈಗ ನಮ್ಮ ಹಳ್ಳಿಹಳ್ಳಿಗಳಲ್ಲಿ ಇದ್ದಾರೆ. ಇದು ದೊಡ್ಡ ಉಪಕಾರ. ಆದರೆ ಅವರ ಕೈಗೆ ಬರುವ ಪಥ್ಯದ ಹಾಳೆ ಇನ್ನೂ ಪೇಟೆಯ ಹಣ್ಣಂಗಡಿಯನ್ನು ನೋಡಿ ಬರೆದದ್ದು. ಕಿವಿ, ಅವಕಾಡೊ ಅದರಲ್ಲಿರುತ್ತವೆ. ರೋಗಿಯ ಹಿತ್ತಿಲಿನ ಬಿಂಬುಳಿ, ದಾರೆಹುಳಿ ಇರುವುದಿಲ್ಲ. ಹಿತ್ತಿಲು ಇರುವವರಿಗೆ ಹಿತ್ತಿಲನ್ನು ನೋಡಿ ಬರೆದ ಪಟ್ಟಿ ಬೇಕು.

ಇದಕ್ಕೆ ಹೊಸ ಯಂತ್ರ ಬೇಡ, ಬಜೆಟ್ ಬೇಡ. ಡಯಾಲಿಸಿಸ್ ಘಟಕದ ಗೋಡೆಯ ಮೇಲೆ ಒಂದು ಹಣ್ಣಿನ ಚಿತ್ರ, ಇಡೀ ಹಣ್ಣೂ ಅಡ್ಡ ಕೊಯ್ದ ನಕ್ಷತ್ರವೂ ಎರಡೂ ಕಾಣುವಂತೆ. ಅದರ ಕೆಳಗೆ ಆ ಊರಿನಲ್ಲಿ ಜನ ಕರೆಯುವ ಹೆಸರುಗಳೆಲ್ಲ: ಕಮರಾಕ್ಷಿ, ದಾರೆಹುಳಿ, ದಾರೆಪುಳಿ, ಕರಂಬಲ, ಸ್ಟಾರ್ ಫ್ರೂಟ್. ಹಣ್ಣು, ರಸ, ಗೊಜ್ಜು, ಉಪ್ಪಿನಕಾಯಿ ಯಾವುದೂ ಬೇಡ, ತಿಂದಿದ್ದರೆ ತಕ್ಷಣ ಈ ನಂಬರಿಗೆ ಫೋನ್ ಮಾಡಿ ಎಂದು ಒಂದು ಸಾಲು. ಪಕ್ಕದಲ್ಲೇ ಬಿಂಬುಳಿಯ ಚಿತ್ರ, ಅದರ ರಸ ಕುಡಿಯಬಾರದು ಎಂಬ ಇನ್ನೊಂದು ಸಾಲು. ಟೆಕ್ನಿಶಿಯನ್‌ಗಳು ರೋಗಿಯನ್ನು ಯಂತ್ರಕ್ಕೆ ಜೋಡಿಸುವಾಗ ತೂಕ, ಬಿಪಿ ಕೇಳುವ ಜೊತೆಗೆ “ದಾರೆಹುಳಿ, ಬಿಂಬುಳಿ ಏನಾದರೂ ಅಡುಗೆಗೆ ಹಾಕಿದ್ರಾ?” ಎಂದು, ಹಣ್ಣು ಎಂಬ ಪದವನ್ನೇ ಬಿಟ್ಟು, ಕೇಳಬೇಕು. ಮನೆಯಲ್ಲಿ ಮರ ಇರುವವರು ಚೀಲ ತುಂಬಿ ನೆರೆಮನೆಗೆ ಕಳಿಸುವ ಮೊದಲು ಆ ಮನೆಯಲ್ಲಿ ಕಿಡ್ನಿ ತೊಂದರೆ ಇರುವವರು ಯಾರಾದರೂ ಇದ್ದಾರಾ ಎಂದು ಒಂದು ಮಾತು ವಿಚಾರಿಸಲಿ.